ವೃದ್ಧಾಶ್ರಮಕ್ಕೆ ಲಿಂಗತ್ವ ಅಲ್ಪಸಂಖ್ಯಾತ ಹಿರಿಯರು ಬಂದಾಗ

ದಾಖಲಾತಿ ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಚೌಕವಿದ್ದರೆ ಮೊದಲು ಅದನ್ನು ತಿದ್ದಿ. ಆಧಾರ್‌ನಲ್ಲಿರುವ ಹೆಸರಿಗೊಂದು ಸಾಲು, ಕರೆಯಬೇಕಾದ ಹೆಸರಿಗೊಂದು ಸಾಲು ಇರಲಿ. ‘ನಿಮ್ಮನ್ನ ಏನಂತ ಕರೀಬೇಕು?’ ಅಂತ ಪಕ್ಕಕ್ಕೆ ಕರೆದು ಕೇಳಿ, ನಾಲ್ಕು ಜನರ ಮುಂದೆ ಬೇಡ. ಮಂಚದ ಚೀಟಿ, ಊಟದ ಪಟ್ಟಿ, ಮಾತ್ರೆ ಡಬ್ಬಿ ಎಲ್ಲದರ ಮೇಲೂ ಆ ಹೆಸರೇ ಇರಲಿ. ಹಳೇ ಹೆಸರು ಹೊರಬೀಳುವುದು ಹೆಚ್ಚಾಗಿ ಮಾತ್ರೆ ಹಂಚುವಾಗಲೇ. ‘ಮಂಗಳಮುಖಿ’ ಎಂಬ ಮಾತು ಕೆಲವರಿಗೆ ಇಷ್ಟ, ಕೆಲವರಿಗೆ ಸಿಟ್ಟು. ಅವರೇ ಬಳಸಿದರೆ ಮಾತ್ರ ನೀವೂ ಬಳಸಿ.

ಸ್ನಾನ ಮಾಡಿಸುವವರು ಹೆಂಗಸೋ ಗಂಡಸೋ ಎಂಬುದನ್ನು ಹಿರಿಯರೇ ಹೇಳಲಿ. ಆಮೇಲೆ ದಿನಕ್ಕೊಬ್ಬರನ್ನು ಬದಲಿಸಬೇಡಿ. ಮೈಮೇಲೆ ದೊಡ್ಡ ಟವೆಲ್ ಹೊದಿಸಿ, ಒರೆಸುವಷ್ಟು ಭಾಗವನ್ನೇ ತೆರೆಯಿರಿ. ಹಾಸಿಗೆ ಹಿಡಿದ ಅಮ್ಮನಿಗೆ ಬೆಳಗಿನ ಕಾಫಿಗೂ ಮುಂಚೆ ಗಡ್ಡ ತೆಗೆಯುವುದು ಶೋಕಿಯಲ್ಲ, ಮರ್ಯಾದೆ. ಬಿಸಿನೀರಿನ ಬಟ್ಟೆಯನ್ನು ಎರಡು ನಿಮಿಷ ಇಟ್ಟು, ಸಡಿಲ ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೇ ರೇಜರ್ ಆಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಟ್ರಿಮ್ಮರ್ ವಾಸಿ. ಒಬ್ಬರ ರೇಜರ್ ಇನ್ನೊಬ್ಬರಿಗೆ ಬೇಡವೇ ಬೇಡ.

ನಿರ್ವಾಣವಾದವರಲ್ಲಿ, ಅಂದರೆ ಶಿಶ್ನ, ವೃಷಣ ತೆಗೆಸಿಕೊಂಡವರಲ್ಲಿ, ಮೂತ್ರದ್ವಾರ ಕಿರಿದಾಗಿರಬಹುದು, ಇರುವ ಜಾಗವೂ ಬೇರೆಯಾಗಿರಬಹುದು. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹೋಗದಿದ್ದರೆ ಬಲವಂತ ಮಾಡಬೇಡಿ, ಮೂತ್ರನಾಳ ಹರಿದುಹೋಗಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಕಳಿಸುವಾಗ ಚೀಟಿಯಲ್ಲಿ ಇದನ್ನು ಬರೆದೇ ಕಳಿಸಿ. ನಿರ್ವಾಣದಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದಿರುವುದಿಲ್ಲ. ಮೂತ್ರ ತೊಟ್ಟಿಕ್ಕಿದರೆ, ರಾತ್ರಿ ಪದೇಪದೇ ಎದ್ದರೆ ಅದನ್ನೂ ನೋಡಿಸಬೇಕು. ವೃಷಣ ತೆಗೆಸಿ ಹಾರ್ಮೋನ್ ಇಲ್ಲದೆ ವರ್ಷಗಟ್ಟಲೆ ಕಳೆದವರ ಮೂಳೆ ಟೊಳ್ಳಾಗಿರಬಹುದು. ಬಚ್ಚಲಿಗೆ ಹಿಡಿಕಂಬಿ, ಜಾರದ ಚಾಪೆ ಹಾಕಿ. ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ತೆಗೆದುಕೊಳ್ಳುವವರ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಕಾಲು ನೀವಬೇಡಿ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಿದವರಲ್ಲಿ ಗರ್ಭಕೋಶ ಉಳಿದಿದ್ದರೆ, ರಕ್ತಸ್ರಾವ ಕಂಡ ಕೂಡಲೇ ತಪಾಸಣೆ ಆಗಬೇಕು.

ಪಿಂಚಣಿಗೆ ನಾಡಕಚೇರಿ. 65 ತುಂಬಿದವರಿಗೆ ಸಂಧ್ಯಾ ಸುರಕ್ಷಾ, ಅದಕ್ಕೂ ಚಿಕ್ಕವರಿಗೆ ಲಿಂಗತ್ವ ಅಲ್ಪಸಂಖ್ಯಾತರ ಮೈತ್ರಿ ಪಿಂಚಣಿ. ಆಧಾರ್‌ನಲ್ಲೊಂದು, ಪಾಸ್‌ಬುಕ್‌ನಲ್ಲೊಂದು ಹೆಸರಿದ್ದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಆಧಾರ್, ಆಮೇಲೆ ಬ್ಯಾಂಕು ಸರಿಮಾಡಿಸಿ. ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

‘ಸಂಬಂಧಿಕರು’ ಎಂಬಲ್ಲಿ ಸಮುದಾಯದಲ್ಲಿ ತಾಯಿಯಂತಿರುವ ಗುರುವಿನದೋ ಮಕ್ಕಳಂತಿರುವ ಚೇಲಾಗಳದೋ (ಶಿಷ್ಯರದೋ) ಹೆಸರು ಹೇಳಿದರೆ ಹುಬ್ಬೇರಿಸದೆ ಬರೆದುಕೊಳ್ಳಿ, ಎರಡು ಫೋನ್ ನಂಬರ್ ಸಮೇತ. ಚಿನ್ನವೋ ದುಡ್ಡೋ ಚೇಲಾಗೆ ಸೇರಬೇಕಿದ್ದರೆ ಬಾಯಿಮಾತು ಸಾಲದು, ಉಯಿಲು ಬೇಕು. ಬಿಳಿ ಹಾಳೆ, ಅವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲ. ಹೂಳಬೇಕೋ ಸುಡಬೇಕೋ, ಕೊನೆಗೆ ಉಡಿಸಬೇಕಾದ್ದು ಏನು ಎಂಬುದನ್ನೂ ಕೇಳಿ ಬರೆದಿಡಿ. ಕೇಳಲು ಮುಜುಗರ ನಿಜ. ಕೇಳದಿದ್ದರೆ ಮೂವತ್ತು ವರ್ಷ ತಿರುಗಿ ನೋಡದ ಮನೆಯವರು ಶರ್ಟು ಪಂಚೆ ಹಿಡಿದು ಬರುತ್ತಾರೆ. ಹಿರಿಯರು ಹೇಳಿದ ಸೀರೆ, ರವಿಕೆಯನ್ನು ಹೆಸರು ಬರೆದ ಕವರಿನಲ್ಲಿ ಬೀರುವಿನಲ್ಲಿಡಿ. ಕೀಲಿ ಎಲ್ಲಿದೆ ಎಂಬುದು ರಾತ್ರಿ ಪಾಳಿಯವರಿಗೂ ಗೊತ್ತಿರಲಿ.