ನಿಮಿರು ದೌರ್ಬಲ್ಯದ ಮಾತ್ರೆಯನ್ನು ಸರಿಯಾಗಿ ಬಳಸಲು ನಾನು ಕಲಿತ ಬಗೆ

ದಿನಕ್ಕೊಂದು 5 ಮಿ.ಗ್ರಾಂ. ಟಡಾಲಫಿಲ್ ಸಾಕು ಎಂದು ನನ್ನ ವೈದ್ಯರು ಬರೆದುಕೊಟ್ಟಾಗ, ಇದೇ ತೊಂದರೆಗೆ ವರ್ಷಗಳಿಂದ ಔಷಧ ತೆಗೆದುಕೊಳ್ಳುತ್ತಿದ್ದ ಇಬ್ಬರು ಸ್ನೇಹಿತರು ಅದನ್ನು ಒಪ್ಪಲೇ ಇಲ್ಲ. ಹದಿನೈದು ವರ್ಷಗಳಿಂದ ಮಧುಮೇಹವಿರುವ ನನ್ನಂಥವನಿಗೆ 100 ಮಿ.ಗ್ರಾಂ. ಸಿಲ್ಡೆನಫಿಲ್ (ವಯಾಗ್ರದಲ್ಲಿರುವ ಔಷಧ) ಕೂಡ ಕೈಕೊಟ್ಟಿರುವಾಗ ಇಷ್ಟು ಸಣ್ಣ ಪ್ರಮಾಣ ಏನು ಮಾಡೀತು ಎಂಬುದು ಅವರ ವಾದವಾಗಿತ್ತು. ಈಗ ಸುಮಾರು ಎರಡು ವರ್ಷಗಳಾಗಿವೆ. ನನ್ನ ಟಿಪ್ಪಣಿ ಪುಸ್ತಕದ ಲೆಕ್ಕದಂತೆ ಹತ್ತರಲ್ಲಿ ಏಳೆಂಟು ಸಲ ಔಷಧ ಫಲ ಕೊಟ್ಟಿದೆ, ಆ ಸ್ನೇಹಿತರಲ್ಲೊಬ್ಬರು ಪುಸ್ತಕದ ಕೋಷ್ಟಕವನ್ನು ನನ್ನಿಂದಲೇ ಬರೆಸಿಕೊಂಡು ಹೋಗಿದ್ದಾರೆ. ಇದನ್ನು ಬರೆಯುವ ಹಕ್ಕು ನನಗೆ ಸಿಕ್ಕಿದೆ ಎಂದುಕೊಂಡಿದ್ದೇನೆ.

ಮೊದಲ ವೈಫಲ್ಯಗಳು ಸಂಪೂರ್ಣವಾಗಿ ನನ್ನವೇ. ವೈದ್ಯರ ಬಳಿ ಬಾಯಿಬಿಡಲು ನಾಚಿಕೆಪಟ್ಟು, ಪರಿಚಿತರೊಬ್ಬರ ಬಳಿ ಉಳಿದಿದ್ದ ಸಿಲ್ಡೆನಫಿಲ್ ಮಾತ್ರೆಗಳನ್ನು ಪಡೆದುಕೊಂಡೆ. ಜಿಡ್ಡಿನ ಭಾರಿ ಊಟ ಮುಗಿಸಿ ಮಾತ್ರೆ ನುಂಗಿ, ಇಪ್ಪತ್ತು ನಿಮಿಷ ಕಾದು, ಏನೂ ಆಗಲಿಲ್ಲವೆಂದು ಬೇಸರಪಟ್ಟೆ. ಅಂಥ ಊಟದ ಮೇಲೆ ಈ ಔಷಧದ ಪರಿಣಾಮ ಸುಮಾರು ಒಂದು ಗಂಟೆ ತಡವಾಗುತ್ತದೆ ಎಂಬುದಾಗಲಿ, ಮನಸ್ಸಿನಲ್ಲಿ ಉದ್ರೇಕವಿಲ್ಲದೆ ಮಾತ್ರೆಯೊಂದೇ ನಿಮಿರಿಸುವುದಿಲ್ಲ ಎಂಬುದಾಗಲಿ ಆಗ ನನ್ನ ಗಮನದಲ್ಲಿರಲಿಲ್ಲ. ಮೂರನೆಯ ಸಲವಂತೂ ದಿನಕ್ಕೊಂದೇ ಎಂಬ ಮಿತಿಯನ್ನು ಮೀರಿ ಅದೇ ರಾತ್ರಿ ಎರಡನೆಯದನ್ನೂ ನುಂಗಿದೆ. ತಲೆ ಸಿಡಿಯತೊಡಗಿತು, ಬಿಳಿ ಹೊದಿಕೆಯ ಅಂಚು ತಿಳಿನೀಲಿಯಾಗಿ ಕಂಡಿತು. ನಡುರಾತ್ರಿ ಮೂತ್ರಕ್ಕೆಂದು ಎದ್ದವನಿಗೆ ಕಣ್ಣು ಕತ್ತಲಿಟ್ಟು, ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದು ನಿಲ್ಲಬೇಕಾಯಿತು. ಪ್ರಾಸ್ಟೇಟ್ ಊತಕ್ಕೆಂದು ನಾನು ತೆಗೆದುಕೊಳ್ಳುತ್ತಿದ್ದ ಟ್ಯಾಮ್ಸುಲೋಸಿನ್ ಕೂಡ ರಕ್ತದೊತ್ತಡವನ್ನು ಇಳಿಸಬಲ್ಲದು, ಎರಡೂ ಸೇರಿದ್ದರಿಂದಲೇ ಹಾಗಾಯಿತು ಎಂಬುದು ತಿಳಿದದ್ದು ಆಮೇಲೆ.

ಅದರಿಂದ ಹೆದರಿ ಮಾತ್ರೆ ಬಿಟ್ಟವನು ಪುಡಿ ಮತ್ತು ಕ್ಯಾಪ್ಸೂಲ್‌ಗಳ ಕಡೆ ತಿರುಗಿದೆ. ಆರೇಳು ತಿಂಗಳು ಅವುಗಳಿಗೆ ಸುರಿದ ಹಣ, ಈಗ ನಾನು ಮಾಡುತ್ತಿರುವ ವರ್ಷದ ಔಷಧ ಖರ್ಚಿನ ಮೂರು ಪಟ್ಟಾದರೂ ಇರಬೇಕು. ಗಿಡಮೂಲಿಕೆಯದೆಂದು ಮಾರುತ್ತಿದ್ದ ಒಂದು ಕ್ಯಾಪ್ಸೂಲ್ ಮಾತ್ರ ನಿಜಕ್ಕೂ ಕೆಲಸ ಮಾಡಿತು. ಆದರೆ ಅದನ್ನು ತೆಗೆದುಕೊಂಡ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ಮೂಗು ಕಟ್ಟಿ, ಸಿಲ್ಡೆನಫಿಲ್‌ನ ಗುರುತುಗಳೆಲ್ಲ ಒಂದೊಂದಾಗಿ ಕಾಣಿಸಿದವು. ಇಂಥ ಉತ್ಪನ್ನಗಳಲ್ಲಿ ಹೆಸರು ಹೇಳದೆ ಸಿಲ್ಡೆನಫಿಲ್ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಲವು ಬಾರಿ ಪತ್ತೆಹಚ್ಚಿ ಎಚ್ಚರಿಸಿದೆ. ಎಷ್ಟು ಮಿಲಿಗ್ರಾಂ ಬೆರೆಸಿದ್ದಾರೆಂದು ತಿಳಿಯದೆ ನುಂಗುವುದು, ಹೃದಯಕ್ಕೆ ನೈಟ್ರೇಟ್ ತೆಗೆದುಕೊಳ್ಳುವವರ ಜೀವವನ್ನೇ ತೆಗೆಯಬಹುದು. ಆ ಡಬ್ಬಿಯನ್ನು ಅಂದೇ ಎಸೆದೆ.

ಕೊನೆಗೆ ವೈದ್ಯರ ಬಳಿ ಹೋದ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ, ಮನೆಯಲ್ಲಿದ್ದ ನನ್ನ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಹರಡಿದ್ದು. ಅವರು ಮೊದಲು ಕೇಳಿದ್ದು ಎದೆನೋವಿಗೆ ನೈಟ್ರೋಗ್ಲಿಸರಿನ್ ಅಥವಾ ಐಸೋಸಾರ್ಬೈಡ್‌ನಂಥ ನೈಟ್ರೇಟ್ ತೆಗೆದುಕೊಳ್ಳುತ್ತೀರಾ ಎಂದು. ಆಮೇಲೆ ಎರಡು ಮಹಡಿ ಹತ್ತಿದರೆ ಎದೆ ಬಿಗಿಯುತ್ತದೆಯೇ ಎಂದರು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವಾದ್ದರಿಂದ ನಾಳರೋಗ ಅನೇಕರಲ್ಲಿ ಅಲ್ಲಿಯೇ ಮೊದಲು ಕಾಣಿಸುತ್ತದೆ, ಹಾಗಾಗಿ ಇಸಿಜಿ, ಕೊಲೆಸ್ಟರಾಲ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) ಮತ್ತು ಬೆಳಗಿನ ಟೆಸ್ಟೋಸ್ಟೆರೋನ್ ಎಲ್ಲವನ್ನೂ ನೋಡಲೇಬೇಕೆಂದರು. ಮಾತ್ರೆಗಳನ್ನು ಒಂದೊಂದಾಗಿ ಸರಿಸುತ್ತಿದ್ದ ಅವರ ಬೆರಳು ಟ್ಯಾಮ್ಸುಲೋಸಿನ್ ಪಟ್ಟಿಯ ಮೇಲೆ ನಿಂತಿತು. “ಇದನ್ನು ಯಾರಿಗೂ ಹೇಳದೆ ಸಿಲ್ಡೆನಫಿಲ್ ಜೊತೆ ತೆಗೆದುಕೊಂಡಿದ್ದೀರಾ?” ಎಂದು ಕೇಳಿದರು.

ಅವರ ಮೇಲ್ವಿಚಾರಣೆಯಲ್ಲಿ ಮೊದಲು 25 ಮಿ.ಗ್ರಾಂ. ಸಿಲ್ಡೆನಫಿಲ್‌ನಿಂದ ಆರಂಭಿಸಿದೆವು. ಆರೆಂಟು ಸಲ ಸರಿಯಾಗಿ ಪ್ರಯತ್ನಿಸದೆ ಯಾವ ಮಾತ್ರೆಯನ್ನೂ ವಿಫಲವೆನ್ನಬಾರದು ಎಂಬ ಅವರ ಮಾತಿನಂತೆ, ಊಟದ ಹೊತ್ತು, ಮಾತ್ರೆಯ ಹೊತ್ತು, ಕುಳಿತಾಗಿನ ಮತ್ತು ನಿಂತಾಗಿನ ರಕ್ತದೊತ್ತಡ, ಫಲ, ತಲೆನೋವು ಎಂದು ಕೋಷ್ಟಕ ಹಾಕಿ ಬರೆಯತೊಡಗಿದೆ. ಅರ್ಧದಷ್ಟು ಸಲ ಫಲ ಸಿಕ್ಕಿತಾದರೂ ಗಡಿಯಾರ ನೋಡುತ್ತಾ ಕಾಯುವುದು ನಮ್ಮಿಬ್ಬರಿಗೂ ಹಿಂಸೆಯಾಗಿತ್ತು. ಟಿಪ್ಪಣಿ ನೋಡಿದ ವೈದ್ಯರು ದಾರಿಯನ್ನೇ ಬದಲಿಸಿದರು. ದಿನನಿತ್ಯದ ಟಡಾಲಫಿಲ್‌ಗೆ ಪ್ರಾಸ್ಟೇಟ್ ಊತದ ಚಿಕಿತ್ಸೆಗೂ 2011ರಿಂದ ಅಮೆರಿಕದಲ್ಲಿ ಮಾನ್ಯತೆ ಇರುವುದರಿಂದ, ಟ್ಯಾಮ್ಸುಲೋಸಿನ್ ನಿಲ್ಲಿಸಿ, ಒಂದು ದಿನದ ಅಂತರ ಕೊಟ್ಟು, ಎರಡೂ ತೊಂದರೆಗಳಿಗೆ ಇದೊಂದನ್ನೇ ಕೊಟ್ಟರು. ಎರಡು ಔಷಧಗಳ ಜಾಗಕ್ಕೆ ಒಂದು ಬಂದು, ಅದೂ ಜೆನರಿಕ್ ಆದ್ದರಿಂದ, ತಿಂಗಳ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಮೊದಲ ವಾರ ಸೊಂಟ ನೋವು ಕಾಡಿ ತಾನಾಗಿಯೇ ಹೋಯಿತು. ರಕ್ತದಲ್ಲಿ ಔಷಧದ ಮಟ್ಟ ಐದು ದಿನಗಳಲ್ಲಿ ಸ್ಥಿರವಾಗುತ್ತದೆ ಎನ್ನುತ್ತಾರೆ, ನನಗೆ ಭರವಸೆ ಮೂಡಲು ಮೂರು ವಾರ ಹಿಡಿಯಿತು.

ಈ ನಡುವೆ ಬದಿಯ ಪ್ರಯೋಗಗಳೂ ನಡೆದವು, ಒಮ್ಮೆಗೆ ಒಂದೇ ಬದಲಾವಣೆ ಎಂಬ ನಿಯಮದೊಂದಿಗೆ. ಎಲ್-ಆರ್ಜಿನಿನ್ ಎಂಬ ಅಮೈನೋ ಆಮ್ಲದ ಪುಡಿಯಿಂದ ಎರಡು ತಿಂಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಶ್ರೋಣಿಯ ತಳದ (ಮೂತ್ರ ತಡೆಹಿಡಿಯುವ) ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಮೂರು ತಿಂಗಳ ನಂತರ ನಿಶ್ಚಿತವಾಗಿ ನೆರವಾಯಿತು. ಮದ್ಯವನ್ನು ಪೂರ್ತಿ ಬಿಟ್ಟಾಗ ನಿಂತಾಗಿನ ರಕ್ತದೊತ್ತಡ ಸುಧಾರಿಸಿತು. ಎಲ್ಲಕ್ಕಿಂತ ದೊಡ್ಡ ಲಾಭ ಬಂದದ್ದು ಎಚ್‌ಬಿಎ1ಸಿ ಒಂಬತ್ತರ ಆಸುಪಾಸಿನಿಂದ ಏಳಕ್ಕೆ ಇಳಿದ ಮೇಲೆ, ಇದನ್ನು ನಾನು ಒತ್ತಿ ಹೇಳುತ್ತೇನೆ.

ನನ್ನ ಕೈಚೀಲದಲ್ಲಿ ಗುರುತಿನ ಚೀಟಿಯ ಹಿಂದೆ “ಪ್ರತಿದಿನ ಟಡಾಲಫಿಲ್, ನೈಟ್ರೇಟ್ ಕೊಡಬೇಡಿ” ಎಂದು ಬರೆದ ಕಾರ್ಡ್ ಇದೆ. ಟಡಾಲಫಿಲ್ ತೆಗೆದುಕೊಂಡ ಮೇಲೆ ಕನಿಷ್ಠ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲವಾದ್ದರಿಂದ, ಪ್ರಜ್ಞೆ ತಪ್ಪಿ ಬಿದ್ದರೂ ಆ ಮಾಹಿತಿ ವೈದ್ಯರ ಕಣ್ಣಿಗೆ ಬೀಳಬೇಕು. ನಿಮಿರುವಿಕೆ ನಾಲ್ಕು ಗಂಟೆ ದಾಟಿದರೆ, ಹಠಾತ್ ದೃಷ್ಟಿಯೋ ಕಿವಿಯೋ ಮಂದವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕೆಂಬುದು ನನ್ನ ಪತ್ನಿಗೂ ಗೊತ್ತು.

ಎರಡು ವಿಷಯಗಳನ್ನು ಬೇಕೆಂದೇ ಬರೆದಿಲ್ಲ. ನನ್ನ ಉಳಿದ ಮಾತ್ರೆಗಳ ನಡುವೆ ಇದನ್ನು ಯಾವ ಗಂಟೆಗೆ ಹೊಂದಿಸಿಕೊಂಡೆ ಎಂಬುದು ನನ್ನ ದೇಹಕ್ಕೆ ಮಾತ್ರ ಸರಿಹೊಂದುವ ಲೆಕ್ಕ, ಯಾರೂ ನಕಲು ಮಾಡಬಾರದು. ಪತ್ನಿಯೊಂದಿಗೆ ಈ ಮಾತನ್ನು ಹೇಗೆ ತೆಗೆದೆ ಎಂಬುದು ನಮ್ಮಿಬ್ಬರ ನಡುವೆಯೇ ಉಳಿಯಲಿ.

ಕಳೆದ ತಿಂಗಳು ಗಂಟಲು ಸೋಂಕಿಗೆ ಬೇರೊಬ್ಬ ವೈದ್ಯರು ಕ್ಲಾರಿಥ್ರೋಮೈಸಿನ್ ಬರೆದರು. ಅದು ಯಕೃತ್ತಿನಲ್ಲಿ ಟಡಾಲಫಿಲ್ ವಿಭಜನೆಯಾಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ. ಕಾರ್ಡ್ ತೋರಿಸಿದೆ, ಅವರು ನನ್ನ ವೈದ್ಯರಿಗೆ ಫೋನ್ ಮಾಡಿ, ಆ್ಯಂಟಿಬಯೋಟಿಕ್ ಮುಗಿಯುವವರೆಗೆ ಟಡಾಲಫಿಲ್ ನಿಲ್ಲಿಸಿದರು. ಪುಸ್ತಕದಲ್ಲಿ ಆ ದಿನಗಳ ಸಾಲುಗಳಿಗೆ ಅಡ್ಡಗೆರೆ ಎಳೆದಿದ್ದೇನೆ, ವೈದ್ಯರು ಹೇಳಿದ ದಿನಾಂಕದಿಂದ ಮತ್ತೆ 5 ಮಿ.ಗ್ರಾಂ. ಎಂಬ ಬರಹ ಶುರುವಾಗಿದೆ.