ಕಾಫಿಯ ಹೊತ್ತು ಬದಲಿಸಿದ ಮೇಲೆ ಇಳಿದ ಸುಸ್ತು

ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ರಕ್ತದ ಲೆಕ್ಕ ಫೆರಿಟಿನ್, ನನಗೆ 9ರ ಹತ್ತಿರ ಇದ್ದದ್ದು ಈಗ 48 ಮುಟ್ಟಿದೆ. ಏಳೆಂಟು ತಿಂಗಳು ಹಿಡಿಯಿತು. "ಕಾಫಿ ಕುಡಿಯೋ ಹೊತ್ತು ಬದಲಿಸಿದ್ರೆ ಸುಸ್ತು ಹೋಗುತ್ತೇನೇ?" ಅಂತ ತಲೆ ಅಲ್ಲಾಡಿಸಿದ್ದ ನಮ್ಮತ್ತಿಗೆಯೇ ಈಗ ಕೂತು ವಿವರ ಕೇಳುತ್ತಿದ್ದಾರೆ. ಹಾಗಾಗಿ ಬರೆದೇ ಬಿಡೋಣ ಅನಿಸಿತು.

ಬಸವನಗುಡಿಯಲ್ಲಿ ಮನೆಯಿಂದಲೇ ಆರ್ಡರ್ ಮೇಲೆ ತಿಂಡಿ ಮಾಡಿಕೊಡುತ್ತೇನೆ. ನಲವತ್ತೇಳು ದಾಟಿದ ಮೇಲೆ ಬೆಳಗ್ಗೆ ಹತ್ತಕ್ಕೆಲ್ಲ ಕಾಲು ಸೋಲುತ್ತಿತ್ತು. ಮುಟ್ಟು ನಿಲ್ಲುವ ಮುಂಚಿನ ಈ ವರ್ಷಗಳಲ್ಲಿ ಕೆಲವರಿಗೆ ರಕ್ತ ಹೇಗೆ ಹೋಗುತ್ತೆ ಅಂತ ನಿಮಗೂ ಗೊತ್ತು. ಹಿಮೋಗ್ಲೋಬಿನ್ 12, ಥೈರಾಯ್ಡ್ ಸರಿ, ಬಿ12 ಸರಿ. "ಎಲ್ಲಾ ನಾರ್ಮಲ್, ಆಂಟಿಆಕ್ಸಿಡೆಂಟ್ ತಗೊಳ್ಳಿ" ಎಂದರು ಒಬ್ಬರು. ಜೀವಕೋಶಕ್ಕೆ ಆಗುವ ಹಾನಿ ತಡೆಯುವಂಥ ಪದಾರ್ಥಗಳವು. ತಗೊಂಡೆ. ನೀರಲ್ಲಿ ಹಾಕಿದರೆ ಬುಸ್ ಅನ್ನುವ ಗ್ಲುಟಾಥಯೋನ್, ಕೋ ಕ್ಯೂ 10, ದ್ರಾಕ್ಷಿ ಬೀಜದ ಕ್ಯಾಪ್ಸೂಲ್, ಅದರ ಮೇಲೆ ಗ್ರೀನ್ ಟೀ. ತಿಂಗಳಿಗೆ ನಾಲ್ಕು ಸಾವಿರದ ಮೇಲೆ, ಹೆಚ್ಚೂಕಮ್ಮಿ ಒಂದು ವರ್ಷ. ಆ ದುಡ್ಡಿಗೆ ದೊಡ್ಡ ಗ್ರೈಂಡರ್ ಬರುತ್ತಿತ್ತು. ಸುಸ್ತು ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.

ಜಯನಗರದ ಒಬ್ಬ ಡಾಕ್ಟರಮ್ಮ ಫೆರಿಟಿನ್ ಬರೆದುಕೊಟ್ಟರು. ಆರು-ಏಳುನೂರು ರೂಪಾಯಿ ಟೆಸ್ಟು. 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ದಾಸ್ತಾನು ಖಾಲಿ ಅಂತಲೇ ಲೆಕ್ಕ. ಹಿಮೋಗ್ಲೋಬಿನ್ ಇಳಿಯೋ ಮುಂಚೆಯೇ ದಾಸ್ತಾನು ಖಾಲಿಯಾಗಿರುತ್ತೆ. ಜೀವಕೋಶದೊಳಗೆ ಶಕ್ತಿ ತಯಾರಾಗೋಕೆ ಕಬ್ಬಿಣ ಬೇಕು. ದೇಹ ತಾನೇ ಮಾಡಿಕೊಳ್ಳುವ ಕ್ಯಾಟಲೇಸ್ ಅನ್ನೋ ಆಂಟಿಆಕ್ಸಿಡೆಂಟ್ ಕಿಣ್ವಕ್ಕೂ ಕಬ್ಬಿಣ ಬೇಕು. ಅದೇ ಇಲ್ಲದೆ ಡಬ್ಬಿಗಟ್ಟಲೆ ಕ್ಯಾಪ್ಸೂಲ್ ನುಂಗಿ ಏನು ಬಂತು?

ಕಬ್ಬಿಣದ ಮಾತ್ರೆ ಶುರು ಮಾಡಿದೆ. ಮೂರು ತಿಂಗಳಾದರೂ ಫೆರಿಟಿನ್ ಹನ್ನೊಂದೋ ಹನ್ನೆರಡೋ, ಅಷ್ಟೇ. ಅಡ್ಡಿ ಎಲ್ಲಿದೆ ಅಂತ ನನಗೆ ತೋರಿಸಿಕೊಟ್ಟದ್ದು ಬಾಣಲೆ. ಕಬ್ಬಿಣ ಸೇರಲಿ ಅಂತ ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಗೊಜ್ಜು ಮಾಡಿದ್ದೆ. ಒಗ್ಗರಣೆಗೆ ನೆಲ್ಲಿಕಾಯಿ ತುರಿ ಬಿದ್ದ ಸ್ವಲ್ಪ ಹೊತ್ತಿಗೆ ಅಂಚಿನಿಂದ ಕಪ್ಪು ಹತ್ತಿತು. ಕೆದಕುತ್ತಾ ಹೋದ ಹಾಗೆ ಪೂರ್ತಿ ಶಾಯಿ ಬಣ್ಣ. ಒಗರು ಕಬ್ಬಿಣವನ್ನು ಹಿಡಿದುಕೊಂಡರೆ ಹೀಗಾಗುತ್ತೆ. ಕಾಫಿ, ಟೀ, ಗ್ರೀನ್ ಟೀಯಲ್ಲಿರುವುದೂ ಇದೇ ಜಾತಿಯ ಪದಾರ್ಥ. ಅದನ್ನೇ ಅಲ್ವಾ ಆಂಟಿಆಕ್ಸಿಡೆಂಟ್ ಅಂತ ಮಾರೋದು! ಒಳ್ಳೆಯದೇ, ಆದರೆ ಊಟದ ಜೊತೆ ಹೋದರೆ ಕಾಳು-ಸೊಪ್ಪಿನ ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತೆ. ನಾನು ತಿಂಡಿ ಆದ ಮೇಲೆ ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿಯುವವಳು.

ತಿಂದು ಒಂದು ಗಂಟೆ ಬಿಟ್ಟು ಕುಡಿದರೆ ಸರಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದರ ಮೇಲೆ ಹಿಂದೆಯೇ ಪ್ರಯೋಗ ನಡೆದಿದೆ. ಕಾಫಿಯನ್ನು ಒಂದು ಗಂಟೆ ಆದಮೇಲೆ ಕುಡಿದರೂ ಊಟದ ಜೊತೆ ಕುಡಿದಷ್ಟೇ ಅಡ್ಡಿ, ಒಂದು ಗಂಟೆ ಮೊದಲು ಕುಡಿದರೆ ಅಡ್ಡಿಯಿಲ್ಲ. ಹಾಗಾಗಿ ಈಗ ಎದ್ದ ತಕ್ಷಣ ಐದಕ್ಕೆ ಕಾಫಿ, ಏಳಕ್ಕೆ ತಿಂಡಿ. ಮಧ್ಯಾಹ್ನದ ಕಾಫಿ ನಾಲ್ಕಕ್ಕೆ ಹೋಯಿತು. ಮೊದಲ ವಾರ ತಲೆನೋವು ಬಂತು, ಆಮೇಲೆ ಅಭ್ಯಾಸವಾಯಿತು.

ಊಟಕ್ಕೆ ಮೊಳಕೆ ಹುರುಳಿ ಉಸಲಿ, ದಂಟಿನ ಸೊಪ್ಪು, ಮೇಲೆ ಹಸಿ ನಿಂಬೆರಸ, ಅದರ ಸಿ ವಿಟಮಿನ್ ಇದ್ದರೆ ದೇಹ ಕಬ್ಬಿಣವನ್ನು ಚೆನ್ನಾಗಿ ಹೀರುತ್ತೆ. ಒಲೆ ಆರಿಸಿದ ಮೇಲೇ ಹಿಂಡಬೇಕು, ಕುದಿಸಿದರೆ ಸಿ ವಿಟಮಿನ್ ಬಹಳಷ್ಟು ಹೋಗುತ್ತೆ. ಗಾಂಧಿ ಬಜಾರಿನಲ್ಲಿ ಸೀಬೆಹಣ್ಣು ಸಿಕ್ಕಾಗ ಊಟದ ಜೊತೆಗೇ ಅರ್ಧ. ಸೀಬೆಯಲ್ಲಿ ಕಿತ್ತಳೆಗಿಂತ ಎಷ್ಟೋ ಜಾಸ್ತಿ ಸಿ ಇದೆ, ಬೆಲೆಯೂ ಕಮ್ಮಿ. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಕಬ್ಬಿಣಕ್ಕೆ ಅಡ್ಡಿ, ಅವು ರಾತ್ರಿಗೆ. ಡಾಕ್ಟರಮ್ಮನನ್ನು ಕೇಳಿ ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ಮಾಡಿಕೊಂಡೆ. ದಿನಾ ನುಂಗುವುದಕ್ಕಿಂತ ಹೀಗೆ ಪ್ರತಿ ಮಾತ್ರೆಯಿಂದ ಹೀರುವುದು ಹೆಚ್ಚು ಅಂತ ಕಂಡುಕೊಂಡಿದ್ದಾರೆ. ಹೊಟ್ಟೆ ತೊಳಸುವುದೂ ಕಮ್ಮಿಯಾಯಿತು. ಉಸಲಿಗೆ ಉದುರಿಸುವ ಒಂದು ಪುಡಿ ಇದೆ, ಅದರ ಅಳತೆ ನನ್ನ ಹತ್ತಿರವೇ ಇರಲಿ. ಆರ್ಡರ್‌ಗಳು ನಡೆಯುವುದೇ ಅದರ ಮೇಲೆ.

ನುಗ್ಗೆ ಸೊಪ್ಪಿನ ಪುಡಿಯನ್ನೂ ಒಂದಷ್ಟು ದಿನ ಚಪಾತಿ ಹಿಟ್ಟಿಗೆ ಸೇರಿಸಿ ನೋಡಿದೆ. ಕಹಿಗೆ ಮಕ್ಕಳು ಮುಟ್ಟಲಿಲ್ಲ. ನನ್ನ ರಿಪೋರ್ಟಿನಲ್ಲೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಬಿಟ್ಟೆ.

ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಗಲೂ ತಿಂಗಳ ಖರ್ಚು, ಮಾತ್ರೆ ನಿಂಬೆ ಸೀಬೆ ಸೇರಿ, ಐನೂರು ದಾಟುತ್ತಿರಲಿಲ್ಲ. ಹೋದ ದೀಪಾವಳಿಗೆ ನೂರೈವತ್ತು ಡಬ್ಬಿ ಚಕ್ಕುಲಿ ನಾನೇ ಒತ್ತಿದ್ದೇನೆ, ಸಹಾಯಕ್ಕೆ ಒಬ್ಬರೇ ಇದ್ದದ್ದು.

ಒಂದು ವಿಷಯ ಹೇಳಲೇಬೇಕು. ರಕ್ತ ಜಾಸ್ತಿ ಹೋಗುತ್ತಿದ್ದರೆ ಮೊದಲು ಸ್ಕ್ಯಾನ್ ಮಾಡಿಸಿ, ಯಾಕೆ ಹೋಗುತ್ತಿದೆ ತಿಳಿಯಿರಿ. ನನಗೆ ಸಣ್ಣ ಗಡ್ಡೆ ಇತ್ತು, ಅದಕ್ಕೆ ಬೇರೆ ಔಷಧಿ ಆಯಿತು. ಟೆಸ್ಟ್ ಮಾಡಿಸದೆ ಕಬ್ಬಿಣ ನುಂಗಬೇಡಿ. ಮುಟ್ಟು ನಿಂತ ಮೇಲಂತೂ ಕಬ್ಬಿಣ ಹೊರಗೆ ಹೋಗುವ ದಾರಿಯೇ ಕಮ್ಮಿ, ಜಾಸ್ತಿಯಾಗಿ ಉಳಿದರೆ ಅದೇ ಜೀವಕೋಶಕ್ಕೆ ಹಾನಿ ಮಾಡುತ್ತೆ. ನಾನು 48 ಬಂದ ಮೇಲೆ ಡಾಕ್ಟರಮ್ಮ ಹೇಳಿದ ಹಾಗೆ ಮಾತ್ರೆ ನಿಲ್ಲಿಸಿದ್ದೇನೆ. ಊಟ, ಕಾಫಿಯ ಹೊತ್ತು ಹಾಗೇ ಇದೆ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಫೆರಿಟಿನ್ ನೋಡಿಸಬೇಕು.