ಮಲೆನಾಡಿನ ಜಗುಲಿಯಲ್ಲಿ ಪ್ಯಾರಾಚೂಟ್ ಮಡಚುವ ಅಭ್ಯಾಸ

ಸ್ಕೈಡೈವಿಂಗ್ ಕಲಿಯಲು ಹೊರಊರಿಗೆ ಹೋಗಿ ನಾಲ್ಕಾರು ಜಿಗಿತ ಮುಗಿಸಿ ಶಿವಮೊಗ್ಗಕ್ಕೋ ತೀರ್ಥಹಳ್ಳಿಗೋ ವಾಪಸಾದವರು ಮನೆಯಲ್ಲಿ ಕೂತು ಕೈ ಪಳಗಿಸಬಹುದಾದ ಕೆಲಸವೆಂದರೆ ಪ್ಯಾಕಿಂಗ್. ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎ ಪದ್ಧತಿಯಲ್ಲಿ ಮೊದಲ ಹಂತದ ‘ಎ’ ಲೈಸೆನ್ಸಿಗೆ ಕನಿಷ್ಠ 25 ಜಿಗಿತಗಳ ಜೊತೆಗೆ ಮೇನ್ (ಮುಖ್ಯ) ಪ್ಯಾರಾಚೂಟನ್ನು ತಾನೇ ಮಡಚಲೂ ಬರಬೇಕು. ಇಲ್ಲಿ ಹೇಳುತ್ತಿರುವುದೆಲ್ಲ ಮೇನ್ ಬಗ್ಗೆ. ಆಪತ್ತಿಗೆಂದಿರುವ ಎರಡನೇ ಪ್ಯಾರಾಚೂಟ್ ರಿಸರ್ವ್; ಅದನ್ನು ಮುಟ್ಟಬೇಕಾದವರು ಪ್ಯಾರಾಚೂಟ್ ಮಡಚಲು, ರಿಪೇರಿ ಮಾಡಲು ಪರವಾನಗಿ ಪಡೆದ ರಿಗ್ಗರ್ ಮಾತ್ರ. ಮನೆಯಲ್ಲಿ ಮಡಚಿದ್ದನ್ನು ಬೆನ್ನಿಗೆ ಹಾಕಿಕೊಂಡು ವಿಮಾನ ಹತ್ತುವಂತೆಯೂ ಇಲ್ಲ. ಬೋಧಕರು ಪಕ್ಕದಲ್ಲಿ ನಿಂತು ನೋಡಿ ಒಪ್ಪುವ ತನಕ ಅದು ಬರೀ ಅಭ್ಯಾಸ.

ಮೊದಲು ಜಾಗ. 20 ಅಡಿ ಉದ್ದ, 6 ಅಡಿ ಅಗಲದ ನೆಲ ಸಾಕು. ಅಡಿಕೆ ಒಣಗಿಸುವ ಅಂಗಳ ಹೇಳಿ ಮಾಡಿಸಿದಂತೆ ಕಂಡರೂ ಬೇಡ. ಬಿಸಿಲು ನೈಲಾನಿನ ಬಲ ತಿನ್ನುತ್ತದೆ, ಮರಳು ದಾರದ ಎಳೆಗಳೊಳಗೆ ಕೂತು ಒಳಗಿಂದ ಕೊರೆಯುತ್ತದೆ, ಚೊಗರು ತಾಗಿದರೆ ಕಲೆ ಹೋಗುವ ಮಾತಿಲ್ಲ. ಜಗುಲಿ ಅಥವಾ ಪಡಸಾಲೆ ಒಳ್ಳೆಯದು. ಆದರೆ ಕೆಂಪು ಸಿಮೆಂಟಿನ ನುಣ್ಣನೆ ನೆಲದ ಮೇಲೆ ಬಟ್ಟೆ ಎಲ್ಲೆಂದರಲ್ಲಿ ಜಾರುತ್ತದೆ, ಒಂದು ಜಮಖಾನ ಹಾಸಿಕೊಳ್ಳಿ. ಉಂಗುರ, ವಾಚು ತೆಗೆದಿಡಿ. ಇಂಬಳಕ್ಕೆಂದು ಕಾಲಿಗೆ ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡಿದ್ದರೆ ತೊಳೆದು ಬನ್ನಿ.

ಹೊಸಬರು ಸುಸ್ತಾಗುವುದು ಬಟ್ಟೆಯ ಅಂದಕ್ಕೆ ಹೆಣಗಿ. ಮಡಿಕೆ ಸ್ವಲ್ಪ ಓರೆಯಾದರೂ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳದಂತೆ, ಇಲ್ಲವೇ ಕೆಟ್ಟದಾಗಿ ಬಿಚ್ಚಿಕೊಳ್ಳುವಂತೆ ಮಾಡುವುದು ಬೇರೆಯೇ ಕೆಲವು ಸಂಗತಿ: ದಾರ, ಬ್ರೇಕು, ಸ್ಲೈಡರು, ಪೈಲಟ್ ಚೂಟು (ಮೇನನ್ನು ಹೊರಗೆಳೆಯುವ ಪುಟ್ಟ ಕೊಡೆ), ರಬ್ಬರ್ ಬ್ಯಾಂಡು. ಬೆವರು ಸುರಿಸುವುದಿದ್ದರೆ ಇವಕ್ಕೆ ಸುರಿಸಿ.

ರಿಗ್ಗನ್ನು, ಅಂದರೆ ಪ್ಯಾರಾಚೂಟ್ ಕೂರುವ ಬೆನ್ನಚೀಲವನ್ನು, ಬೆನ್ನು ತಾಗುವ ಮುಖ ಕೆಳಗಾಗಿ ಇಟ್ಟು, ರೈಸರ್‌ಗಳಿಂದ (ಹೆಗಲಿನಿಂದ ದಾರಗಳ ತನಕ ಹೋಗುವ ಪಟ್ಟಿಗಳು) ಶುರುಮಾಡಿ ದಾರಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಕ್ಯಾನೊಪಿಯ (ಪ್ಯಾರಾಚೂಟಿನ ಬಟ್ಟೆಯ) ತನಕ ನಡೆಯಿರಿ. ಕ್ಯಾನೊಪಿಯ ಮುಂಬದಿಯಿಂದ ಹಿಂದಕ್ಕೆ ದಾರಗಳ ಸಾಲಿಗೆ ಎ, ಬಿ, ಸಿ, ಡಿ ಎಂದು ಹೆಸರು: ಮುಂದಿನ ರೈಸರ್‌ನಿಂದ ಎ ಮತ್ತು ಬಿ, ಹಿಂದಿನದರಿಂದ ಸಿ, ಡಿ ಮತ್ತು ತಿರುಗಲು, ನಿಧಾನಿಸಲು ಎಳೆಯುವ ಬ್ರೇಕ್ ದಾರ. ಯಾವುದೂ ಇನ್ನೊಂದನ್ನು ಸುತ್ತಿರಬಾರದು. ಸುತ್ತಿದ್ದರೆ ಸಾಮಾನ್ಯವಾಗಿ ರಿಗ್ಗು ದಾರಗಳ ನಡುವೆ ತೂರಿ ಹೋಗಿರುತ್ತದೆ; ಬಂದ ದಾರಿಯಲ್ಲೇ ಹಿಂದಕ್ಕೆ ತೂರಿಸಿದರೆ ಬಿಡಿಸಿಕೊಳ್ಳುತ್ತದೆ. ಆಮೇಲೆ ಬ್ರೇಕ್: ಬ್ರೇಕ್ ದಾರದ ಕಣ್ಣನ್ನು ರೈಸರಿನ ಉಂಗುರದೊಳಗಿಂದ ಕೆಳಕ್ಕೆಳೆದು ಟಾಗಲಿನ (ಬ್ರೇಕ್ ಎಳೆಯುವ ಹಿಡಿಕೆಯ) ತುದಿಯನ್ನು ಅದರಲ್ಲಿ ಸಿಕ್ಕಿಸಿ, ಉಳಿದ ದಾರವನ್ನು ಅದರ ಜಾಗದಲ್ಲಿ ಒತ್ತಿಡಿ. ಒಂದು ಕಡೆ ಮಾತ್ರ ಹಾಕಿ ಇನ್ನೊಂದನ್ನು ಮರೆತರೆ ಕ್ಯಾನೊಪಿ ಬಿಚ್ಚಿದ ಕ್ಷಣವೇ ಗಿರಗಿರ ತಿರುಗಲು ತೊಡಗುತ್ತದೆ.

ಈಗಲೇ ಪೈಲಟ್ ಚೂಟಿನ ಒಳದಾರವಾದ ಕಿಲ್ ಲೈನ್ ಎಳೆದು ಕಾಕ್ ಮಾಡಿ, ಅಂದರೆ ಅದು ಗಾಳಿ ತುಂಬಿಕೊಳ್ಳಲು ಸಿದ್ಧವಾಗುವಂತೆ ಮಾಡಿ. ಅದನ್ನು ಮೇನಿಗೆ ಜೋಡಿಸುವ ಪಟ್ಟಿಯಾದ ಬ್ರೈಡಲಿನಲ್ಲಿರುವ ಸಣ್ಣ ಕಿಟಕಿಯಲ್ಲಿ ಬಣ್ಣದ ದಾರ ಕಾಣಬೇಕು. ಕಾಣದಿದ್ದರೆ ಆ ಪುಟ್ಟ ಕೊಡೆ ಗಾಳಿ ತುಂಬಿಕೊಳ್ಳದೆ ಹಿಂದೆ ತೊನೆಯುತ್ತಿರುತ್ತದೆ, ಮೇನನ್ನು ಎಳೆದು ಹೊರತರುವ ಶಕ್ತಿ ಅದಕ್ಕಿರುವುದಿಲ್ಲ. ಮರೆವಿನಿಂದ ಆಗುವ ತಪ್ಪುಗಳಲ್ಲಿ ಇದು ದೊಡ್ಡದು. ಅದಕ್ಕೇ ಒಮ್ಮೆ ಈಗ, ಇನ್ನೊಮ್ಮೆ ರಿಗ್ ಮುಚ್ಚುವಾಗ ಕಿಟಕಿ ನೋಡಬೇಕು.

ಇನ್ನು ನೆರಿಗೆ. ದಾರಗಳನ್ನು ಬಿಗಿಯಾಗಿ ಹೆಗಲ ಮೇಲೆ ಹಾಕಿಕೊಂಡು ಕ್ಯಾನೊಪಿಯನ್ನು ಮುಂದೆ ಜೋತಾಡಲು ಬಿಡಿ. ಸೀರೆಯ ನೆರಿಗೆ ಹಿಡಿಯಲು ಬಂದವರಿಗೆ ಈ ಹಂತ ಬೇಗ ಕೈಗೆ ಹತ್ತುತ್ತದೆ. ಗಾಳಿ ತುಂಬಿಕೊಳ್ಳುವ 9 ಸೆಲ್‌ಗಳ (ಕೋಶಗಳ) ಬಾಯಿಯನ್ನು ಒಂದೊಂದಾಗಿ ಎಣಿಸಿ ಸೇರಿಸಿ ಮೊಣಕಾಲ ಸಂದಿಯಲ್ಲಿ ಹಿಡಿದುಕೊಳ್ಳಿ. 8 ಬಂದರೆ ಒಂದು ಎಲ್ಲೋ ಒಳಗೆ ಮಡಚಿಕೊಂಡಿದೆ. ಎ-ಬಿ, ಬಿ-ಸಿ, ಸಿ-ಡಿ ನಡುವಿನ ಬಟ್ಟೆಯನ್ನು ಎಡಕ್ಕೂ ಬಲಕ್ಕೂ ಹೊರಗೆಳೆಯಿರಿ. ಕೊನೆಗೆ ದಾರಗಳೆಲ್ಲ ಮಧ್ಯದಲ್ಲಿ ಒಟ್ಟಾಗಿರಬೇಕು, ಬಟ್ಟೆ ಸುತ್ತಲೂ. ದಾರ ಹೊರಗೆ ಬಂದು ಬಟ್ಟೆಯನ್ನು ತಬ್ಬಿಕೊಂಡಿದ್ದರೆ ಪೂರ್ತಿ ಬಿಚ್ಚಿ ಮತ್ತೆ ಶುರುಮಾಡಿ. ಅರ್ಧಂಬರ್ಧ ಸರಿಪಡಿಸಲು ಹೋದರೆ ಇನ್ನಷ್ಟು ಸಿಕ್ಕಾಗುತ್ತದೆ.

ಸ್ಲೈಡರ್ ಎಂಬ ಆ ಆಯತಾಕಾರದ ಬಟ್ಟೆಯ ಕೆಲಸ ಬಿಚ್ಚಿಕೊಳ್ಳುವ ವೇಗಕ್ಕೆ ಕಡಿವಾಣ ಹಾಕುವುದು. ಅದರ 4 ಮೂಲೆಯ ಲೋಹದ ಕಣ್ಣುಗಳು ಮೇಲೆ, ಕ್ಯಾನೊಪಿಯ ಕಡೆಯ ಸ್ಟಾಪ್‌ಗಳಿಗೆ (ತಡೆಗಳಿಗೆ) ತಾಗಿ ನಿಲ್ಲಬೇಕು, ಬಟ್ಟೆ ದಾರಗುಚ್ಛಗಳ ನಡುವೆ ನಾಲ್ಕೂ ಕಡೆ ಸಮನಾಗಿ ಹೊರಬಂದಿರಬೇಕು. ರೈಸರ್ ಕಡೆಗೆ ಜಾರಿದ್ದರೆ ಕ್ಯಾನೊಪಿ ಒಮ್ಮೆಲೇ ತೆರೆದು, ಕತ್ತು-ಬೆನ್ನು ಉಳುಕುವಷ್ಟು ಜೋರಾಗಿ ಜಗ್ಗುತ್ತದೆ. ನಂತರ ಹಿಂಬದಿ ಅಂಚಿನ ನಡುವಿರುವ ಲೇಬಲ್ ಹಿಡಿದೆತ್ತಿ ಸ್ಲೈಡರ್ ಕಣ್ಣುಗಳ ಮಟ್ಟಕ್ಕೆ ತಂದು, ಎರಡೂ ಬದಿಯ ಅಂಚನ್ನು ಮುಂದಕ್ಕೆ ಸುತ್ತಿ ಸೇರಿಸಿ ಮೂರ್ನಾಲ್ಕು ಸುತ್ತು ಸುರುಳಿ ಮಾಡಿ. ಇಡೀ ಕ್ಯಾನೊಪಿ ಈಗ ಕೊಟ್ಟೆ ಕಡುಬಿನಂತೆ ಹೊದಿಕೆಯೊಳಗೆ ಕೂತಿರುತ್ತದೆ. ದಾರದ ಬಿಗಿ ಬಿಡದೆ ಮೆಲ್ಲಗೆ ನೆಲಕ್ಕಿಳಿಸಿ.

ಹೊಸ ಝೀರೋ ಪೊರಾಸಿಟಿ ಬಟ್ಟೆಗೆ ಸಿಲಿಕಾನ್ ಲೇಪವಿರುತ್ತದೆ. ಗಾಳಿ ಅದರ ಮೂಲಕ ಹೊರಹೋಗದು, ಹೊಲಿಗೆಯಲ್ಲೂ ಬಾಯಲ್ಲೂ ಮಾತ್ರ ಹೋಗಬೇಕು. ಹೊಡೆದರೆ ಬಡಿದರೆ ಪ್ರಯೋಜನವಿಲ್ಲ. ಅದರ ಮೇಲೆ ಮಲಗಿ, ದಾರದ ತುದಿಯಿಂದ ಮೇಲಕ್ಕೆ ನಿಧಾನ ಒತ್ತುತ್ತಾ ಎರಡು ನಿಮಿಷ ಕೊಡಿ. ಕ್ಯಾನೊಪಿ ತುಂಬುವ ಒಳಚೀಲವಾದ ಬ್ಯಾಗಿನ ಅಗಲಕ್ಕೆ ಹೊಂದಿಸಿ ‘ಎಸ್’ ಆಕಾರಕ್ಕೆ ಮಡಚಿ, ಮೊಣಕಾಲಲ್ಲಿ ಅದುಮಿ ಹಿಡಿದು ಒಳಗೆ ತುರುಕಿ. ಬಹುಪಾಲು ಮಂದಿ ಸೋಲೊಪ್ಪುವುದು ಇಲ್ಲೇ: ಒಂದು ಮೂಲೆ ಹಾಕಿದರೆ ಇನ್ನೊಂದು ಹೊರಗೆ ನುಗ್ಗುತ್ತದೆ. ಈ ಗುದ್ದಾಟದಲ್ಲಿ ಸ್ಲೈಡರ್ ಜಾರಿತೇ ಎಂದು ಕೈ ಹಾಕಿ ನೋಡಿಕೊಳ್ಳಿ.

ಬ್ಯಾಗಿನ ಬಾಯಿ ಮುಚ್ಚುವ ಸ್ಟೋಗಳು, ಅಂದರೆ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿದ ದಾರದ ಮಡಿಕೆಗಳು, ಗಟ್ಟಿಯಾಗಿರಲಿ. ರಬ್ಬರಿನಿಂದಾಚೆ ಕಾಣುವ ದಾರದ ಮಡಿಕೆ ಎರಡೂವರೆಯಿಂದ ಮೂರು ಅಂಗುಲ. ತೀರಾ ಸಡಿಲವಿದ್ದರೆ ದಾರವೆಲ್ಲ ಒಟ್ಟಿಗೆ ಉದುರಿ ಜೋರು ಜಗ್ಗು. ಬೇಕಾಬಿಟ್ಟಿ ಬಿಗಿದರೆ ಬ್ಯಾಗೇ ಬಿಚ್ಚದೆ ಬೀಗ ಬೀಳುತ್ತದೆ. ಕೊನೆಗೆ ರೈಸರ್ ಬಳಿ 18ರಿಂದ 24 ಅಂಗುಲ ದಾರ ಮಡಚದೆ ಬಿಡಿ. ಮಲೆನಾಡಿನ ಸೆಕೆ-ತೇವಕ್ಕೆ ರಬ್ಬರ್ ಬ್ಯಾಂಡ್ ಬೇಗ ಜಿಗುಟಾಗುತ್ತದೆ, ಬಿರಿಯುತ್ತದೆ. ಬದಲಿಸುವಾಗ ತಯಾರಕರು ಹೇಳಿದ್ದನ್ನೇ ಹಾಕಿ, ಕಿರಾಣಿ ಅಂಗಡಿಯದ್ದಲ್ಲ.

ಬ್ಯಾಗನ್ನು ರಿಗ್ಗಿನೊಳಗೆ ಇಡುವಾಗ ಅದರ ಯಾವ ಮುಖ ಎತ್ತ, ಯಾವ ಫ್ಲಾಪ್ (ಮುಚ್ಚಳದ ಪಟ್ಟಿ) ಮೊದಲು ಎಂಬುದು ರಿಗ್ಗಿನಿಂದ ರಿಗ್ಗಿಗೆ ಬೇರೆ, ಕೈಪಿಡಿ ನೋಡಿ. ರಿಗ್ ಮುಚ್ಚಲು ಪಿನ್ ಸಿಕ್ಕಿಸುವ ಕುಣಿಕೆಯಾದ ಕ್ಲೋಸಿಂಗ್ ಲೂಪಿನ ಎಳೆ ಬಿಟ್ಟಿದ್ದರೆ ಹೊಸದು ಹಾಕಿ. ಲೂಪ್ ಸಡಿಲವಿದ್ದರೆ ಪಿನ್ ವಿಮಾನದೊಳಗೇ ಕಳಚಬಹುದು. ಪಿನ್ ಹಾಕಿದ ಮೇಲೆ, ಲೂಪನ್ನು ಮೇಲೆಳೆಯಲು ಬಳಸಿದ ಪುಲ್-ಅಪ್ ದಾರವನ್ನು ಪಿನ್ನಿನ ಅಡಿಯಿಂದ ನಿಧಾನವಾಗಿ ಎಳೆದು ತೆಗೆಯಿರಿ. ರಪ್ಪನೆ ಎಳೆದರೆ ಘರ್ಷಣೆಯ ಬಿಸಿಗೆ ಲೂಪ್ ಸುಡುತ್ತದೆ. ತೆಗೆದದ್ದು ಕೈಯಲ್ಲಿದೆಯೇ ನೋಡಿಕೊಳ್ಳಿ, ಅಲ್ಲೇ ಮರೆತವರಿದ್ದಾರೆ. ಉಳಿದದ್ದು ಬ್ರೈಡಲನ್ನು ಅದರ ದಾರಿಯಲ್ಲಿ ಕೂರಿಸಿ, ಪೈಲಟ್ ಚೂಟನ್ನು ಮಡಚಿ ಕೆಳಗಿನ ಚೀಲಕ್ಕೆ ಸೇರಿಸುವುದು. ಮೊದಮೊದಲು ಇಷ್ಟಕ್ಕೆಲ್ಲ ಒಂದು ಗಂಟೆ ಹಿಡಿಯುತ್ತದೆ. ಪಳಗಿದವರಿಗೆ ಹತ್ತು-ಹದಿನೈದು ನಿಮಿಷ.

ಮಳೆಗಾಲದಲ್ಲಿ ಒದ್ದೆ ಕ್ಯಾನೊಪಿಯನ್ನು ಮಡಚಿಡಲೇಬೇಡಿ. ನೆರಳಲ್ಲಿ ಹರವಿ ಫ್ಯಾನ್ ಹಾಕಿ. ಬಚ್ಚಲ ಒಲೆಯ ಹತ್ತಿರವೂ ಹೊಗೆಯಾಡುವ ಅಟ್ಟದಲ್ಲೂ ಒಣಗಿಸಬೇಡಿ: ಪ್ಯಾರಾಚೂಟಿಗೆ ಬಳಸುವ ಸ್ಪೆಕ್ಟ್ರಾ ಎಂಬ ನೂಲಿನ ದಾರ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಅದಕ್ಕೂ ಮೊದಲೇ ಕುಗ್ಗುತ್ತದೆ. ಕೊಳೆರೋಗಕ್ಕೆ ತಂದಿಟ್ಟ ಮೈಲುತುತ್ತ, ಬ್ಯಾಟರಿ ನೀರು ಇರುವ ಕೋಣೆಯೂ ಬೇಡ, ಆಮ್ಲಕ್ಕೆ ನೈಲಾನ್ ಸೋಲುತ್ತದೆ. ಇಲಿ ನುಗ್ಗದ ಕಬ್ಬಿಣದ ಬೀರು ಒಳ್ಳೆಯದು. ತಿಂಗಳು ಬಿಟ್ಟು ತೆಗೆದಾಗ ಮೊದಲು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬಿಚ್ಚಿ ಗಾಳಿಗೆ ಹರವಿ, ರಿಗ್ಗರ್ ಕೈಗೆ ಕೊಡಿ.